ಗೋಡೆ ಒಡೆದ ಸೂಸನ್ ಸ್ಟ್ರೇಂಜ್

ಎಂ.ಎ. ಎರಡನೇ ಸೆಮಿಸ್ಟರ್‌ನಲ್ಲಿ ನನಗೊಂದು ಪೇಚು. ಡಾಲರ್ ಎದುರು ರೂಪಾಯಿ ಯಾಕೆ ಕುಸಿಯುತ್ತೆ ಎಂದು ಕೇಳಿದರೆ, ಅದನ್ನು ಅರ್ಥಶಾಸ್ತ್ರದವರ ಹತ್ತಿರ ಕೇಳು ಎಂಬ ಉತ್ತರ. ಅಲ್ಲಿಗೆ ಹೋದರೆ, ಸರ್ಕಾರಗಳ ವಿಚಾರ ನಿಮ್ಮ ರಾಜ್ಯಶಾಸ್ತ್ರದವರದ್ದು ಎಂಬ ನಗು. ಎರಡು ವಿಭಾಗಗಳ ನಡುವೆ ಇದ್ದದ್ದು ಒಂದೇ ಗೋಡೆ. ಆಗ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದು ಸೂಸನ್ ಸ್ಟ್ರೇಂಜ್ ಅವರ ‘ಸ್ಟೇಟ್ಸ್ ಅಂಡ್ ಮಾರ್ಕೆಟ್ಸ್’.

ಸೂಸನ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ. ತಂದೆ ಮೊದಲ ಮಹಾಯುದ್ಧದ ಹೆಸರಾಂತ ಪೈಲಟ್. ಮಗಳು ಓದಿದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ. ಎರಡನೇ ಯುದ್ಧದ ಕಾಲವಾದ್ದರಿಂದ ಆ ಕಾಲೇಜು ಆಗ ಕೇಂಬ್ರಿಜ್‌ಗೆ ಗುಳೆ ಹೋಗಿತ್ತು! (ಅವರು ಹುಟ್ಟಿದ ವರ್ಷವೇ ರೂಪಾಯಿ ಸಮಸ್ಯೆ ಕುರಿತ ಅಂಬೇಡ್ಕರ್ ಅವರ ಪುಸ್ತಕ ಹೊರಬಂತು. ಆ ಸಂಶೋಧನೆಯೂ ಇದೇ ಸಂಸ್ಥೆಯದ್ದು.)

1943ರಲ್ಲಿ ಡಿಗ್ರಿ ಮುಗಿಯಿತು. ಪಿಎಚ್.ಡಿ. ಕಡೆ ಅವರು ತಲೆ ಹಾಕಲೇ ಇಲ್ಲ. ಪತ್ರಕರ್ತೆಯಾದರು. ‘ದಿ ಎಕನಾಮಿಸ್ಟ್’, ಆಮೇಲೆ ‘ದಿ ಅಬ್ಸರ್ವರ್’. ಎರಡನೆಯದಕ್ಕೆ ವಾಷಿಂಗ್ಟನ್‌ನಿಂದಲೂ ವರದಿ ಮಾಡಿದರು. ಜೊತೆಗೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪಾಠ. ಎರಡು ಮದುವೆ, ಆರು ಮಕ್ಕಳು. ನೆಟ್, ಕೆಸೆಟ್ ಎಂದು ವರ್ಷಗಳನ್ನು ಎಣಿಸುತ್ತಿರುವ ನನ್ನಂಥವರಿಗೆ ಈ ದಾರಿ ನೋಡಿದರೆ ಹೊಟ್ಟೆಕಿಚ್ಚೂ ಆಗುತ್ತೆ, ಧೈರ್ಯವೂ ಬರುತ್ತೆ.

1965ರಲ್ಲಿ ಚಾಥಮ್ ಹೌಸ್ ಎಂಬ ಸಂಶೋಧನಾ ಸಂಸ್ಥೆ ಸೇರಿದರು. 1967ರಲ್ಲಿ ಬ್ರಿಟನ್ ಪೌಂಡ್ ಬೆಲೆಯನ್ನು 2.80 ಡಾಲರ್‌ನಿಂದ 2.40ಕ್ಕೆ ಇಳಿಸಬೇಕಾಯಿತು. ಒಂದು ಸಾಮ್ರಾಜ್ಯದ ನಾಣ್ಯ ಹೇಗೆ ಸೊರಗುತ್ತೆ ಎಂಬುದೇ 1971ರ ಅವರ ಪುಸ್ತಕದ ವಸ್ತು. ಅದಕ್ಕೂ ಒಂದು ವರ್ಷ ಮೊದಲು ಬರೆದ ಲೇಖನದಲ್ಲಿ, ಅರ್ಥಶಾಸ್ತ್ರಜ್ಞರು ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ ಎಂದು ನೇರವಾಗಿ ದೂರಿದ್ದರು. ನನ್ನ ಪೇಚಿಗೆ ಅರ್ಧ ಶತಮಾನ ಮೊದಲೇ ಸಿಕ್ಕ ಉತ್ತರ ಅದು.

1978ರಲ್ಲಿ, ತಾವು ಓದಿದ ಸಂಸ್ಥೆಯಲ್ಲೇ ಪ್ರೊಫೆಸರ್. ಅವರ ಮುಖ್ಯ ವಾದ ಅಧಿಕಾರದ ಬಗ್ಗೆ. ಒಬ್ಬರನ್ನು ಹೆದರಿಸಿ ಕೆಲಸ ಮಾಡಿಸುವುದಷ್ಟೇ ಅಧಿಕಾರವಲ್ಲ. ಆಟದ ನಿಯಮವನ್ನೇ ಬರೆಯುವವರದ್ದು ಇನ್ನೂ ದೊಡ್ಡ ಅಧಿಕಾರ. ಅದು ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ ಎಂಬ ನಾಲ್ಕು ಕಡೆ ಇರುತ್ತೆ. ಈ ಲೆಕ್ಕದಲ್ಲೇ ಅವರು 1980ರ ದಶಕದಲ್ಲಿ ಅಮೆರಿಕದ ಕಥೆ ಮುಗಿಯಿತು ಎಂದವರನ್ನು ಒಪ್ಪಲಿಲ್ಲ. ಜಗತ್ತು ಸಾಲ ಮಾಡುವುದೇ ಡಾಲರ್‌ನಲ್ಲಿ ಅಲ್ಲವೇ?

1986ರ ‘ಕ್ಯಾಸಿನೊ ಕ್ಯಾಪಿಟಲಿಸಂ’ ನನಗೆ ತುಂಬಾ ಹಿಡಿಸಿತು. ಜೂಜಿನ ಕಟ್ಟೆಗೆ ಹೋಗುವುದೂ ಬಿಡುವುದೂ ನಮ್ಮಿಷ್ಟ. ಆದರೆ ಕರೆನ್ಸಿ, ಬಡ್ಡಿ ದರಗಳ ಜೂಜಿನಲ್ಲಿ ಎಲೆಯನ್ನೇ ಮುಟ್ಟದವರ ಕೆಲಸವೂ ಹೋಗುತ್ತೆ. ಹತ್ತು ವರ್ಷಗಳ ನಂತರ ಬಂದ ‘ದಿ ರಿಟ್ರೀಟ್ ಆಫ್ ದಿ ಸ್ಟೇಟ್’ ಸರ್ಕಾರಗಳ ಕೈಯಿಂದ ಅಧಿಕಾರ ಜಾರುತ್ತಿರುವುದನ್ನು ಹೇಳುತ್ತೆ. ಅದು ಹೋಗುತ್ತಿರುವುದು ಬಹುರಾಷ್ಟ್ರೀಯ ಕಂಪನಿ, ವಿಮಾ ಸಂಸ್ಥೆ, ಆಡಿಟ್ ಕಂಪನಿಗಳತ್ತ. ಮಾಫಿಯಾಕ್ಕೂ ಅಲ್ಲೊಂದು ಅಧ್ಯಾಯವಿದೆ. ತಮಾಷೆಯೆಂದರೆ, ಜಾಗತೀಕರಣದ ವಿದ್ವಾಂಸೆ ಎನಿಸಿಕೊಂಡ ಅವರಿಗೆ ಆ ಪದವೇ ಅಷ್ಟಕ್ಕಷ್ಟೆ. ಅದು ಏನನ್ನೂ ಸ್ಪಷ್ಟವಾಗಿ ಹೇಳುವುದಿಲ್ಲ ಎಂಬ ತಕರಾರು.

ಅವರ ಬರಹದಲ್ಲಿ ಗೃಹಿಣಿಯರು, ರೈತರು ಕಡಿಮೆ ಎಂಬುದು ನನ್ನ ಆಕ್ಷೇಪ. ಕಂಪನಿಗಳೇ ಜಾಸ್ತಿ.

ಫ್ಲಾರೆನ್ಸ್‌ನಲ್ಲಿ, ಬಳಿಕ ವಾರ್ವಿಕ್‌ನಲ್ಲಿ ಪಾಠ ಹೇಳಿದರು. ಏಷ್ಯಾದ ಹಣಕಾಸು ಬಿಕ್ಕಟ್ಟಿನ ಬೆನ್ನಿಗೇ ‘ಮ್ಯಾಡ್ ಮನಿ’ ಬಂತು. ಅದೇ 1998ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ಲೇಖನ ಅಚ್ಚಾದದ್ದು ಮರುವರ್ಷ.

ನನ್ನ ಪ್ರಬಂಧದ ವಿಷಯ ಈಗ ರೂಪಾಯಿ ಬೆಲೆ ಮತ್ತು ನಮ್ಮೂರ ಡೀಸೆಲ್ ದರ. ರಾಜ್ಯಶಾಸ್ತ್ರದಲ್ಲಿ ಇದು ನಡೆಯುತ್ತಾ ಎಂದು ಗೈಡ್ ಕೇಳಿದರು. ‘ಸ್ಟೇಟ್ಸ್ ಅಂಡ್ ಮಾರ್ಕೆಟ್ಸ್’ ಅನ್ನು ಅವರ ಮೇಜಿನ ಮೇಲಿಟ್ಟು ಬಂದೆ. ವಾರದ ನಂತರ ಸಹಿ ಬಿತ್ತು. ಪುಸ್ತಕ ಮಾತ್ರ ಇನ್ನೂ ವಾಪಸ್ ಬಂದಿಲ್ಲ.