ಪಾಲು ಕೇಳಿದ ಪಾದಯಾತ್ರಿ



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯ ನಮ್ಮ ಭಕ್ತರು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯತ್ತ ಹೋಗುವಾಗ ವಿಶ್ವನೀಡಂ ಎಂಬ ಹೆಸರನ್ನು ನೋಡಿರುತ್ತೀರಿ. ಅಲ್ಲಿಯ ಅಂಚೆ ಕಚೇರಿಗೂ ಅದೇ ಹೆಸರು. ನೀಡವೆಂದರೆ ಹಕ್ಕಿಯ ಗೂಡು. ಇಡೀ ವಿಶ್ವವೇ ಒಂದು ಗೂಡಾಗುವ ತಾಣವೆಂಬ ಭಾವ ಯಜುರ್ವೇದದಲ್ಲಿ ಬರುತ್ತದೆ. ಆ ಹೆಸರು ಬೆಂಗಳೂರಿನ ಪಶ್ಚಿಮ ಅಂಚಿಗೆ ಬಂದದ್ದು ಸರ್ವೋದಯದವರಿಂದ, ಆಚಾರ್ಯ ವಿನೋಬಾ ಭಾವೆಯವರ ಮಾರ್ಗ ಹಿಡಿದವರಿಂದ. ವಿಳಾಸ ಬರೆಯುವವರು ಸಾವಿರಾರು ಮಂದಿ. ಆ ಹೆಸರಿನ ಹಿಂದಿರುವ ಮಹಾನುಭಾವರನ್ನು ಬಲ್ಲವರು ಈಗ ವಿರಳ. ಆದಕಾರಣ ಈ ವಾರ ಅವರ ಚರಿತ್ರೆಯನ್ನೇ ಹೇಳಬೇಕೆಂದು ಮನಸ್ಸು ಮಾಡಿದ್ದೇವೆ.

ಲೋಕದಿಂದ ಬಡತನ ತೊಲಗಬೇಕೆಂದು ಇಂದು ಅನೇಕ ದೇಶಗಳಲ್ಲಿ ಸಾಮಾನ್ಯ ಜನರು ಸಂಬಳದ ಆಸೆಯಿಲ್ಲದೆ ದುಡಿಯುತ್ತಿದ್ದಾರೆ. ಕಾಸು ಕೂಡಿಸಿ ಹಂಚುವುದಕ್ಕಿಂತ ಹೆಚ್ಚಾಗಿ, ಉಳ್ಳವರ ಮತ್ತು ಆಳುವವರ ಬಾಗಿಲಿಗೆ ಹೋಗಿ ಬಡವನ ಪರವಾಗಿ ಮಾತನಾಡುವುದೇ ಅವರ ಸೇವೆ. ಈ ಸೇವೆಯನ್ನು ಹಳ್ಳಿಹಳ್ಳಿಯ ಕಾಲುದಾರಿಯಲ್ಲಿ ನಡೆದು ಮಾಡಿದವರು ವಿನೋಬಾ.

ಅವರು ಹುಟ್ಟಿದ್ದು 1895ರ ಸೆಪ್ಟೆಂಬರ್ 11ರಂದು, ಮಹಾರಾಷ್ಟ್ರದ ಕೊಲಾಬಾ ಜಿಲ್ಲೆಯ ಗಾಗೋದೆ ಗ್ರಾಮದಲ್ಲಿ. ಆ ಜಿಲ್ಲೆಗೆ ಈಗ ರಾಯಗಡವೆಂದು ಹೆಸರು. ಹುಟ್ಟುಹೆಸರು ವಿನಾಯಕ. ತಂದೆ ನರಹರಿರಾಯರು, ತಾಯಿ ರುಕ್ಮಿಣಿ. ತಾಯಿ ಕರ್ನಾಟಕ ಮೂಲದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಹೆಚ್ಚು ಓದಿದವರಲ್ಲದ ಆ ತಾಯಿಯ ಬುದ್ಧಿ ದೊಡ್ಡದು. ಮನೆಯ ಮರದ ಹಲಸಿನ ಹಣ್ಣನ್ನು ಬಿಡಿಸಿದ ದಿನ ಮೊದಲ ತೊಳೆಗಳು ನೆರೆಮನೆಗಳಿಗೆ ಹೋಗಬೇಕು; ಹಂಚಿ ಬರುವವನು ಮಗ ವಿನ್ಯಾ. ಕೊಡುವವನು ದೇವರು, ಬಚ್ಚಿಟ್ಟುಕೊಳ್ಳುವವನು ರಾಕ್ಷಸನೆಂದು ಆಕೆ ಮಗನಿಗೆ ಹೇಳಿಕೊಟ್ಟಿದ್ದರು. ನೆರೆಮನೆಯ ಗೃಹಿಣಿ ಕಾಯಿಲೆ ಬಿದ್ದಾಗ ಆ ಮನೆಗೆ ಹೋಗಿ ಅಡುಗೆ ಮಾಡಿಕೊಡುತ್ತಿದ್ದರು. ಮೊದಲು ನಮ್ಮ ಮನೆಯ ಅಡುಗೆ, ಆಮೇಲೆ ಅವರದು, ಇದು ಸ್ವಾರ್ಥವಲ್ಲವೇ ಎಂದು ಮಗ ಕೆಣಕಿದನಂತೆ. ಅವರದನ್ನು ಬೇಗ ಮಾಡಿಟ್ಟರೆ ಉಣ್ಣುವ ಹೊತ್ತಿಗೆ ಆರಿ ತಣ್ಣಗಾಗುತ್ತದೆ ಎಂಬುದು ತಾಯಿಯ ಉತ್ತರ. ದಾಸೋಹದ ಸೂಕ್ಷ್ಮವನ್ನು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾವು ಬೇರೆಡೆ ಕಂಡಿಲ್ಲ. ಉಣ್ಣುವವನ ಹೊತ್ತನ್ನು ನೋಡಿ ಬಡಿಸಬೇಕು, ನೀಡುವವನ ಅನುಕೂಲವನ್ನಲ್ಲ.

1916ರಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಮುಂಬಯಿ ರೈಲು ಹತ್ತಿದ ತರುಣ ಸೂರತ್ತಿನಲ್ಲಿ ಇಳಿದು ಕಾಶಿಯ ದಾರಿ ಹಿಡಿದ. ಅದಕ್ಕೂ ಮೊದಲೇ ತನ್ನ ಪ್ರಮಾಣಪತ್ರಗಳನ್ನು ಒಲೆಗೆ ಹಾಕಿಯಾಗಿತ್ತು. ಅದೇ ವರ್ಷದ ಜೂನ್ 7ರಂದು ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ ಗಾಂಧೀಜಿಯವರ ದರ್ಶನವಾಯಿತು. ಅಲ್ಲಿಂದ ಮುಂದೆ ನೂಲುವುದು, ನೇಯುವುದು, ಬೀಸುವುದು, ಕಕ್ಕಸು ಗುಡಿಸುವುದು, ಅಧ್ಯಯನ. 1921ರಲ್ಲಿ ಗುರುವಿನ ಅಪ್ಪಣೆಯಂತೆ ವಾರ್ಧಾಕ್ಕೆ ಬಂದರು. 1932ರಲ್ಲಿ ಧುಳೆ ಸೆರೆಮನೆಯಲ್ಲಿ ಸಹಬಂದಿಗಳಿಗೆ ಗೀತೆಯ ಮೇಲೆ ಪ್ರವಚನ ಮಾಡಿದರು. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕೆ ಗಾಂಧೀಜಿ ಆರಿಸಿದ ಮೊದಲ ಸತ್ಯಾಗ್ರಹಿ ಇವರೇ. ಮುಂದೆ ವೆಲ್ಲೂರು ಸೆರೆಮನೆಯಲ್ಲಿದ್ದಾಗ ದಕ್ಷಿಣದ ನಾಲ್ಕು ಭಾಷೆಗಳನ್ನೂ ಕಲಿತರು. ಅದರಲ್ಲಿ ನಮ್ಮ ಕನ್ನಡವೂ ಸೇರಿತ್ತು. ಇಷ್ಟೆಲ್ಲ ಆದರೂ ದೇಶಕ್ಕೆ ಅವರ ಪರಿಚಯ ಅಷ್ಟಾಗಿ ಇರಲಿಲ್ಲ.

ಪರಿಚಯವಾದದ್ದು 1951ರಲ್ಲಿ. ತೆಲಂಗಾಣ ಆಗ ಹೊತ್ತಿ ಉರಿಯುತ್ತಿತ್ತು. ಜಮೀನ್ದಾರರ ದೌರ್ಜನ್ಯಕ್ಕೆ ಬೇಸತ್ತ ರೈತರು ಕಮ್ಯುನಿಸ್ಟರೊಡನೆ ಆಯುಧ ಹಿಡಿದಿದ್ದರು. ಹಗಲು ಪೊಲೀಸರ ಭಯ, ರಾತ್ರಿ ಇವರ ಭಯ. ಆ ಪ್ರಾಂತ್ಯದಲ್ಲಿ ವಿನೋಬಾ ಬರಿಗೈಯಲ್ಲಿ ನಡೆದು ಹೋದರು. ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಗೆ ಬಂದಾಗ ಅಂದು ಹರಿಜನರೆಂದು ಕರೆಯುತ್ತಿದ್ದವರ ಕೇರಿಗೆ ಹೋಗಿ ಏನು ಬೇಕೆಂದು ಕೇಳಿದರು. ನಲವತ್ತು ಕುಟುಂಬಗಳು, ಯಾರಿಗೂ ಗೇಣು ಭೂಮಿಯಿಲ್ಲ. ಅವರು ಕೂಡಿ ಲೆಕ್ಕ ಹಾಕಿ, ತಮಗೆ 80 ಎಕರೆ ಸಾಕೆಂದರು: 40 ಎಕರೆ ತರಿ, 40 ಎಕರೆ ಖುಷ್ಕಿ. ಸರ್ಕಾರಕ್ಕೆ ಅರ್ಜಿ ಬರೆಸಬಹುದೆಂದು ವಿನೋಬಾ ಯೋಚಿಸಿದರು. ಆದರೆ ಸರ್ಕಾರದ ಕಡತ ನಡೆಯುವ ವೇಗ ಅವರಿಗೆ ಗೊತ್ತಿತ್ತು. ಊರವರ ಕಡೆಗೇ ತಿರುಗಿ, ನಿಮ್ಮಲ್ಲೇ ಯಾರಾದರೂ ಕೊಡುವವರಿದ್ದೀರಾ ಎಂದು ಕೇಳಿಬಿಟ್ಟರು. ವೆದಿರೆ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು ನೂರು ಎಕರೆ ಕೊಡುವೆನೆಂದರು. ಕೇಳಿದ್ದು ಎಂಬತ್ತು, ಬಂದದ್ದು ನೂರು. ಆ ಊರಿಗೆ ಈಗ ಭೂದಾನ ಪೋಚಂಪಳ್ಳಿ ಎಂದೇ ಹೆಸರು.

ಆ ರಾತ್ರಿ ವಿನೋಬಾರಿಗೆ ಸರಿಯಾಗಿ ನಿದ್ರೆ ಬರಲಿಲ್ಲವಂತೆ. ದೇಶದಲ್ಲಿ ಸಾಗುವಳಿ ಭೂಮಿ ಸುಮಾರು 30 ಕೋಟಿ ಎಕರೆ, ಅದರ ಆರನೆಯ ಒಂದು ಪಾಲು 5 ಕೋಟಿ ಎಕರೆ; ಅಷ್ಟು ಸಿಕ್ಕರೆ ಭೂಮಿಯಿಲ್ಲದವನು ಇರುವುದಿಲ್ಲ ಎಂಬ ಲೆಕ್ಕಾಚಾರ ಮುಂದೆ ಹುಟ್ಟಿತು. ಅವರು ಕೇಳುತ್ತಿದ್ದ ರೀತಿಯನ್ನು ಭಕ್ತರು ಗಮನಿಸಬೇಕು. ಐದು ಮಕ್ಕಳ ತಂದೆಯ ಮುಂದೆ ನಿಂತು, ನನ್ನನ್ನು ಆರನೆಯ ಮಗನೆಂದು ತಿಳಿದು ನನ್ನ ಪಾಲು ಕೊಡಿ, ಅದನ್ನು ಬಡವನಿಗೆ ಮುಟ್ಟಿಸುತ್ತೇನೆ ಎನ್ನುತ್ತಿದ್ದರು. ಮಗ ತಂದೆಯ ಹತ್ತಿರ ಭಿಕ್ಷೆ ಬೇಡುವುದುಂಟೇ? ಅವನಿಗೆ ಸಲ್ಲಬೇಕಾದದ್ದನ್ನು ಕೇಳುತ್ತಾನೆ. ದಾನವೆಂಬ ಮಾತಿಗೆ ಸಮವಾಗಿ ಹಂಚುವುದೆಂಬ ಅರ್ಥವನ್ನು ಶಂಕರಾಚಾರ್ಯರ ಭಾಷ್ಯದಿಂದ ಎತ್ತಿ ತೋರಿಸುತ್ತಿದ್ದರು. ನಮ್ಮ ಶರಣರ ದಾಸೋಹದಲ್ಲಿಯೂ ಕೊಡುವವನು ತಾನು ಕೊಟ್ಟೆನೆಂಬ ಅಹಂಕಾರವನ್ನು ಕಳೆದುಕೊಳ್ಳಬೇಕಷ್ಟೆ. ಹೆಸರು ಬೇರೆ, ತಿರುಳು ಒಂದೇ.

ಹದಿಮೂರು ವರ್ಷ ಅವರು ನಡೆದರು. ಹೊಟ್ಟೆಹುಣ್ಣಿನ ರೋಗಿ, ಆಹಾರವೆಂದರೆ ಬಹುಮಟ್ಟಿಗೆ ಮೊಸರು, ಹಾಲು, ಜೇನು. ಬೆಳಗಿನ ಜಾವ ಕಂದೀಲಿನ ಬೆಳಕಿನಲ್ಲಿ ಹೊರಟರೆ ದಿನಕ್ಕೆ ಹತ್ತು ಹನ್ನೆರಡು ಮೈಲಿ. ಒಂದು ಊರಿನಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ. ಜಂಗಮನೆಂದರೆ ನಿಲ್ಲದೆ ಸಂಚರಿಸುವವನು. ಆ ಅರ್ಥದಲ್ಲಿ ವಿನೋಬಾ ಜಂಗಮ ಸ್ವಭಾವದವರೆಂದು ಹೇಳಲು ನಮಗೆ ಸಂಕೋಚವಿಲ್ಲ. ಪೀಠದಲ್ಲಿ ಕುಳಿತ ನಮ್ಮಂಥವರು ಇದನ್ನು ಕಂಡು ಸ್ವಲ್ಪ ನಾಚಿಕೊಂಡರೂ ತಪ್ಪಿಲ್ಲ.

ಆದರೆ ಒಬ್ಬರ ಕಾಲಿನಿಂದ ಇಷ್ಟು ದೊಡ್ಡ ದೇಶ ಅಳೆಯುವುದಿಲ್ಲ. ಅವರ ಹಿಂದೆ ಮುಂದೆ ಸಾವಿರಾರು ಸ್ವಯಂಸೇವಕರು ನಡೆದರು. ಶಾಲೆ ಬಿಟ್ಟು ಬಂದ ಹುಡುಗರು, ಊರಿನ ಮೇಷ್ಟರು, ನಿರ್ಮಲಾ ದೇಶಪಾಂಡೆಯವರಂಥ ಹೆಣ್ಣುಮಕ್ಕಳು. ಮುಂದಾಗಿ ಊರಿಗೆ ಹೋಗಿ ಜನರನ್ನು ಕೂಡಿಸುವುದು, ಸಭೆಯಲ್ಲಿ ಭೂಮಿಯಿಲ್ಲದವನ ಕಷ್ಟ ತಿಳಿಸುವುದು, ದಾನಪತ್ರ ಬರೆಸಿ ರುಜು ಹಾಕಿಸುವುದು ಇವರ ಕೆಲಸ. ಜಯಪ್ರಕಾಶ ನಾರಾಯಣರು 1954ರಲ್ಲಿ ಬೋಧಗಯೆಯಲ್ಲಿ ತಮ್ಮ ಜೀವನವನ್ನೇ ಈ ಕಾರ್ಯಕ್ಕೆ ದಾನ ಮಾಡಿದರು. ಭೂಮಿಯಿಲ್ಲದವರು ಕೊಡುವುದೇನು? ಅವರಿಗೆ ಶ್ರಮದಾನ, ಸಂಪತ್ತಿದ್ದವರಿಗೆ ಸಂಪತ್ತಿದಾನ. ಮನೆಯಲ್ಲಿ ಒಂದು ಗಡಿಗೆಯಿಟ್ಟು, ದಿನಕ್ಕೊಂದು ಹಿಡಿ ಧಾನ್ಯವನ್ನು ಮಗುವಿನ ಕೈಯಿಂದ ಹಾಕಿಸುವ ಸರ್ವೋದಯ ಪಾತ್ರೆಯೂ ಬಂತು. ಹಿಡಿ ಅಕ್ಕಿಯಿಂದ ಪ್ರಸಾದ ನಿಲಯಗಳನ್ನು ನಡೆಸಿದ ನಮ್ಮ ಮಠಗಳ ಭಕ್ತರಿಗೆ ಇದು ಹೊಸತಲ್ಲ. ಮಗುವಿನ ಕೈ ಎಂಬುದೊಂದೇ ಹೊಸತು, ಅದು ನಮಗೆ ಬಹಳ ಹಿಡಿಸಿದೆ.

1953ರ ಸೆಪ್ಟೆಂಬರಿನಲ್ಲಿ ಅಂದಿನ ಬಿಹಾರದ ದೇವಘರದಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲಿಯ ವೈದ್ಯನಾಥ ಶಿವಸನ್ನಿಧಿಗೆ ದಲಿತ ಬಂಧುಗಳೊಡನೆ ದರ್ಶನಕ್ಕೆ ಹೋದಾಗ ಪಂಡಾಗಳು ಇವರ ಮೇಲೆ ಬಿದ್ದು ಹೊಡೆದರು. ವಿನೋಬಾರ ಕಿವಿಗೆ ಪೆಟ್ಟು ಬಿತ್ತು. ಹೊಡೆದವರಿಗೆ ಶಿಕ್ಷೆಯಾಗುವುದು ಬೇಡವೆಂದರು. ಕೆಲವೇ ದಿನಗಳಲ್ಲಿ ಆ ಬಾಗಿಲು ದಲಿತರಿಗೆ ತೆರೆಯಿತು. ಶಿವನ ಬಾಗಿಲಲ್ಲೇ ಶಿವಭಕ್ತರಿಗೆ ಹೊಡೆತ ಬಿತ್ತೆಂಬುದನ್ನು ಬರೆಯುವಾಗ, ಇಂಥ ಬಾಗಿಲುಗಳು ನಮ್ಮ ಸೀಮೆಯಲ್ಲಿ ಇಂದಿಗೂ ಎಷ್ಟು ಮುಚ್ಚಿವೆಯೆಂದು ಊರ ಹಿರಿಯರನ್ನು ಕೇಳಬೇಕೆನಿಸುತ್ತದೆ.

ಕರ್ನಾಟಕಕ್ಕೆ ಅವರು ಬಂದದ್ದು ಕೇರಳದ ಕಡೆಯಿಂದ, 1957ರಲ್ಲಿ. ಸೆಪ್ಟೆಂಬರ್ 21 ಮತ್ತು 22ರಂದು ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನ ಪರಿಷತ್ತು ಸೇರಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ, ಆಗ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರು ಒಂದೇ ಚಾವಣಿಯಡಿ ಕುಳಿತು ಬಡವನ ಭೂಮಿಯ ಮಾತಾಡಿದರು. ಅಧಿಕಾರವಿಲ್ಲದ, ಕಾಸಿಲ್ಲದ ಒಬ್ಬ ನಡೆದಾಡುವ ಮುದುಕರು ಇವರನ್ನೆಲ್ಲ ಒಂದು ಹಳ್ಳಿಗೆ ಕರೆತಂದಿದ್ದರು. ಎಲ್ಲ ಪಕ್ಷದವರೂ ಗ್ರಾಮದಾನವನ್ನು ಮೆಚ್ಚಿ ಹೇಳಿಕೆ ಕೊಟ್ಟರು. ಗ್ರಾಮದಾನವೆಂದರೆ ಊರ ಭೂಮಿಯ ಒಡೆತನವನ್ನು ಊರಿನ ಸಭೆಗೇ ಒಪ್ಪಿಸುವುದು. 1952ರಲ್ಲಿ ಉತ್ತರ ಪ್ರದೇಶದ ಮಂಗ್ರೋಠ್ ಗ್ರಾಮ ಮೊದಲು ಹಾಗೆ ಮಾಡಿತ್ತು. ನಮ್ಮ ನಾಡಿನಲ್ಲಿ ಬಿಹಾರ, ಒರಿಸ್ಸಾಗಳಷ್ಟು ಫಲ ಸಿಗಲಿಲ್ಲ, ನಿಜ. ಆದರೆ ಜೈ ಜಗತ್ ಎಂಬ ಘೋಷವನ್ನು ಅವರು ಜನರ ಬಾಯಿಗೆ ಕೊಟ್ಟದ್ದು ಈ ಕನ್ನಡ ನೆಲದ ಸಂಚಾರದಲ್ಲಿಯೇ. ಒಂದು ದೇಶಕ್ಕೆ ಜಯವಾದರೆ ಸಾಲದು, ಜಗತ್ತಿಗೆ ಜಯವಾಗಬೇಕು, ಒಬ್ಬ ಬಡವನ ಹಸಿವು ಎಲ್ಲಿದ್ದರೂ ನಮ್ಮದೇ ಎಂಬ ಭಾವ. ಮುಂದೆ 1965ರಲ್ಲಿ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ವಲ್ಲಭ ನಿಕೇತನವೂ ಅವರ ಆಶ್ರಮಗಳಲ್ಲಿ ಒಂದಾಗಿ ಸ್ಥಾಪನೆಯಾಯಿತು.

ಇನ್ನು ಕಹಿಯಾದ ಭಾಗವನ್ನೂ ಹೇಳಬೇಕು. ಐದು ಕೋಟಿ ಎಕರೆಯ ಗುರಿಯಲ್ಲಿ ಬಂದದ್ದು ಸುಮಾರು 42 ಲಕ್ಷ ಎಕರೆ, ಅದರಲ್ಲಿ ಅರ್ಧದಷ್ಟು ಬಿಹಾರ ಒಂದರಿಂದಲೇ. ಕಲ್ಲುಬಂಡೆ, ಕಾಡು, ನದಿಯ ಮರಳು, ಕೋರ್ಟಿನ ವ್ಯಾಜ್ಯದಲ್ಲಿದ್ದ ಜಮೀನು, ಇವನ್ನು ಕೊಟ್ಟು ಪುಣ್ಯ ಕಟ್ಟಿಕೊಂಡವರು ಕಡಿಮೆಯೇನಿಲ್ಲ. ತಂದೆ ರುಜು ಹಾಕಿದ, ಮಗ ಬಿಟ್ಟುಕೊಡಲಿಲ್ಲ. ಬಂದ ಭೂಮಿಯಲ್ಲಿ ದೊಡ್ಡ ಭಾಗ ಬಡವನ ಕೈ ಸೇರಲೇ ಇಲ್ಲ. ಇದಕ್ಕೆ ದಾನಿಗಳ ಲೋಭವೊಂದೇ ಕಾರಣವಲ್ಲವೆಂದು ನಮ್ಮ ಅಭಿಪ್ರಾಯ. 1956ರ ನವೆಂಬರಿನಲ್ಲಿ ತಮಿಳುನಾಡಿನ ಪಳನಿಯಲ್ಲಿ ವಿನೋಬಾ ಭೂದಾನ ಸಮಿತಿಗಳನ್ನೆಲ್ಲ ವಿಸರ್ಜಿಸಿ, ಗಾಂಧಿ ಸ್ಮಾರಕ ನಿಧಿಯ ಹಣವೂ ಬೇಡವೆಂದರು. ಜನರೇ ನಡೆಸಲಿ ಎಂಬ ಆಶಯ ಉನ್ನತವಾದದ್ದು. ಆದರೆ ದಾನಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯಲು, ಸರ್ವೆ ಮಾಡಿಸಲು, ಖಾತೆ ಬದಲಾಯಿಸಲು, ಎತ್ತು ಬೀಜ ಒದಗಿಸಲು ಊರಿನಲ್ಲಿ ನಿಲ್ಲುವವರು ಬೇಕಿತ್ತು. ನಡೆಯುವವರು ಮುಂದಿನ ಊರಿಗೆ ಹೋದ ಮೇಲೆ ಬಡವ ಮತ್ತೆ ಒಂಟಿಯಾದ. ಕರ್ನಾಟಕದ ಗೇಣಿದಾರನಿಗೆ ಕೊನೆಗೆ ಹೊಲ ದಕ್ಕಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ. ಮನಸ್ಸು ಮೆತ್ತಗಾಗದೆ ಕಾಯಿದೆ ಬರುವುದು ಕಷ್ಟ. ಕಾಯಿದೆಯ ಬಲವಿಲ್ಲದೆ ಮೆತ್ತಗಾದ ಮನಸ್ಸು ಮರುದಿನವೇ ಗಟ್ಟಿಯಾಗುತ್ತದೆ.

ಹಾಗೆಂದು ಆ ಬೀಜವೆಲ್ಲ ಬಂಡೆಯ ಮೇಲೆ ಬೀಳಲಿಲ್ಲ. ಶ್ರೀಲಂಕಾದ ಅರಿಯರತ್ನೆ ಎಂಬ ಶಾಲಾ ಮೇಷ್ಟರು ವಿನೋಬಾರಿಂದ ಪ್ರೇರಣೆ ಪಡೆದು, 1958ರಲ್ಲಿ ಆರಂಭಿಸಿದ ಸರ್ವೋದಯ ಶ್ರಮದಾನ ಸಾವಿರಾರು ಹಳ್ಳಿಗಳಿಗೆ ಹಬ್ಬಿತು. ಅಮೆರಿಕದ ಜಾರ್ಜಿಯಾದಲ್ಲಿ ಕರಿಯ ರೈತರಿಗಾಗಿ 1969ರಲ್ಲಿ ಸಮುದಾಯದ ಭೂನಿಧಿ ಕಟ್ಟಿದವರ ಕಣ್ಣ ಮುಂದೆಯೂ ಗ್ರಾಮದಾನದ ಉದಾಹರಣೆಯಿತ್ತು.

1964ರಲ್ಲಿ ವಿನೋಬಾ ವಾರ್ಧಾ ಬಳಿಯ ಪವನಾರಕ್ಕೆ ಮರಳಿದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ವರ್ಷದ ಮೌನವ್ರತದಲ್ಲಿದ್ದರು. ಜಯಪ್ರಕಾಶರು ಸೆರೆಯಲ್ಲಿದ್ದರು. ವಿನೋಬಾರ ನಿಲುವನ್ನು ಆಳುವವರು ತಮಗೆ ಬೇಕಾದಂತೆ ಬಳಸಿಕೊಂಡರು. ಅನೇಕ ಹಳೆಯ ಸೇವಕರು ನೊಂದು ದೂರವಾದರು. ಆ ನೋವಿಗೆ ಅರ್ಥವಿತ್ತು. 1982ರ ನವೆಂಬರಿನಲ್ಲಿ ಹೃದಯಾಘಾತವಾದ ಮೇಲೆ ಅವರು ಅನ್ನ, ನೀರು, ಔಷಧಗಳನ್ನು ಬಿಟ್ಟರು. 15ರಂದು, ದೀಪಾವಳಿಯ ದಿನ, ದೇಹ ಬಿಟ್ಟರು. ಪವನಾರದ ಧಾಮ್ ನದಿಯ ದಡದಲ್ಲಿ ದಹನವಾಯಿತು. ಮರುವರ್ಷ ಭಾರತರತ್ನ ಬಂತು.

ಹಳ್ಳಿಯ ಹಿರಿಯರಲ್ಲಿ ಒಂದು ಮಾತು. ನಿಮ್ಮ ತಂದೆಯವರೋ ತಾತನವರೋ ಆ ದಿನಗಳಲ್ಲಿ ದಾನಪತ್ರಕ್ಕೆ ರುಜು ಹಾಕಿದ್ದುಂಟೆಂದು ಮನೆಯಲ್ಲಿ ಕೇಳಿದ್ದರೆ, ಹಳೆಯ ಪೆಟ್ಟಿಗೆಯ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. ಆ ಸರ್ವೆ ನಂಬರಿನ ಪಹಣಿ ತೆಗೆಸಿ, ಉಳುವವನ ಹೆಸರು ಅದರಲ್ಲಿ ಬಂದಿದೆಯೇ ಎಂದು ಓದಿಸಿ ಕೇಳಿ.