ಹಗ್ಗ ಬಿಟ್ಟು ಹಾರಿದ ಟೈನಿ

ನಂಗಲಿಯಿಂದ ಬಂದು ಮುಳಬಾಗಿಲು ಬೆಟ್ಟ ಹತ್ತಿದ್ರೇನೇ ನಮ್ಮಲ್ಲಿ ಕೆಲವರಿಗೆ ತಲೆ ತಿರುಗುತ್ತೆ. ಇನ್ನು ವಿಮಾನದಿಂದ ಒಬ್ಬರೇ ಹಾರೋದು ಹೇಗೆ?

ಜಾರ್ಜಿಯಾ ಥಾಂಪ್ಸನ್ ಹುಟ್ಟಿದ್ದು 1893ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ತೀರಾ ಪುಟ್ಟ ಮಗು, ಅದಕ್ಕೇ ‘ಟೈನಿ’ ಅಂತ ಹೆಸರು. ಹನ್ನೆರಡಕ್ಕೇ ಮದುವೆ, ಮರುವರ್ಷ ಮಗು, ಹತ್ತಿ ಗಿರಣಿಯಲ್ಲಿ ದುಡಿತ. 1907ರಲ್ಲಿ ಜಾತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ವಿಕ್ ಬಲೂನಿನಿಂದ ಹಾರಿದ್ದನ್ನು ನೋಡಿದಳು. ಮಗಳನ್ನು ತಾಯಿಯ ಬಳಿ ಬಿಟ್ಟು ಅವನ ತಂಡ ಸೇರಿದಳು. ಮುಂದೆ ಟೈನಿ ಬ್ರಾಡ್ವಿಕ್ ಎಂದೇ ಹೆಸರಾದಳು. 1913ರಲ್ಲಿ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿದ ಮೊದಲ ಮಹಿಳೆ ಆಕೆ.

ಆಗ ವಿಮಾನಕ್ಕೆ ಕಟ್ಟಿದ ಹಗ್ಗವೇ ಪ್ಯಾರಾಚೂಟನ್ನು ಬಿಚ್ಚುತ್ತಿತ್ತು. 1914ರಲ್ಲಿ ಸ್ಯಾನ್ ಡಿಯಾಗೊದಲ್ಲಿ, ಸೇನೆಯವರ ಮುಂದೆ, ಆ ಹಗ್ಗ ವಿಮಾನದ ಬಾಲಕ್ಕೆ ಸಿಕ್ಕಿಕೊಂಡಿತು. ಹೇಗೋ ಪಾರಾದಳು. ಇನ್ನು ಸಾಕು ಅನ್ನಲಿಲ್ಲ. ಮುಂದಿನ ಸಲ ಹಗ್ಗವನ್ನು ಗಿಡ್ಡವಾಗಿ ಕತ್ತರಿಸಿ, ಹಾರಿದ ಮೇಲೆ ತಾನೇ ಎಳೆದು ಪ್ಯಾರಾಚೂಟ್ ಬಿಚ್ಚಿದಳು.

ಸಾವಿರಕ್ಕೂ ಹೆಚ್ಚು ಸಲ ಹಾರಿ, ಕಾಲಿನ ಗಿಣ್ಣು ಸವೆದು 1922ರಲ್ಲಿ ನಿಲ್ಲಿಸಿದಳು, ತೀರಿಕೊಂಡಿದ್ದು 1978ರಲ್ಲಿ. ಇವತ್ತಿಗೂ ಸೋಲೋ ಕೋರ್ಸ್‌ಗೆ ಸೇರಿದವರು ಹಗ್ಗದ ನೆರವಿನಿಂದ ಶುರು ಮಾಡಿದರೂ, ಕೊನೆಗೆ ಕಲಿಯಬೇಕಾದ್ದು ಅದನ್ನೇ: ಹಿಡಿಯನ್ನು ನಮ್ಮ ಕೈಯಿಂದಲೇ ಎಳೆಯೋದು.