ಎಡ್ವರ್ಡ್ ಟೇಟಮ್

ಎಡ್ವರ್ಡ್ ಲಾರಿ ಟೇಟಮ್ (ಡಿಸೆಂಬರ್ 14, 1909 – ನವೆಂಬರ್ 5, 1975) ಅಮೆರಿಕದ ಜೀವರಸಾಯನ ವಿಜ್ಞಾನಿ. ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ವಂಶವಾಹಿಗಳು ನಿಯಂತ್ರಿಸುತ್ತವೆ ಎಂಬುದನ್ನು ಶಿಲೀಂಧ್ರದ ಮೂಲಕ ತೋರಿಸಿಕೊಟ್ಟ ಇವರಿಗೂ ಜಾರ್ಜ್ ಬೀಡಲ್ ಅವರಿಗೂ 1958ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು. ಉಳಿದರ್ಧವನ್ನು ಪಡೆದವರು ಟೇಟಮ್ ಅವರ ಶಿಷ್ಯ ಜೋಶುವಾ ಲೆಡರ್‌ಬರ್ಗ್.

ಟೇಟಮ್ ಜನಿಸಿದ್ದು ಕೊಲೊರಾಡೊ ರಾಜ್ಯದ ಬೌಲ್ಡರ್‌ನಲ್ಲಿ. ತಂದೆ ಆರ್ಥರ್ ಔಷಧಶಾಸ್ತ್ರದ ಪ್ರಾಧ್ಯಾಪಕರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ 1934ರಲ್ಲಿ ಡಾಕ್ಟರೇಟ್ ಪಡೆದು, ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನಲ್ಲಿ ಕೆಲಕಾಲ ಸಂಶೋಧನೆ ನಡೆಸಿ, 1937ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೀಡಲ್ ಅವರ ಜೊತೆಗೂಡಿದರು.

ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಹಣ್ಣುನೊಣದ ಕಣ್ಣಿನ ಬಣ್ಣಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸುವುದು. ವರ್ಷಗಳ ಶ್ರಮದಿಂದ ಹರಳು ದೊರೆಯಿತಾದರೂ, ಆ ವಸ್ತು ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದಿಂದ ಹುಟ್ಟುವ ಕೈನುರೆನಿನ್ ಎಂದು ಮೊದಲು ಗುರುತಿಸಿದ ಕೀರ್ತಿ 1940ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ತಂಡದ ಪಾಲಾಯಿತು.

ಟೇಟಮ್ ಪಾಠ ಹೇಳುತ್ತಿದ್ದ ತರಗತಿಯಲ್ಲಿ ಕುಳಿತಿದ್ದ ಬೀಡಲ್ ಅವರಿಗೆ ಹೊಸ ದಾರಿ ಹೊಳೆಯಿತು. ವಂಶವಾಹಿಯಿಂದ ಹೊರಟು ರಾಸಾಯನಿಕವನ್ನು ಹುಡುಕುವ ಬದಲು, ತಿಳಿದಿರುವ ರಾಸಾಯನಿಕ ಕ್ರಿಯೆಗಳನ್ನು ಕೆಡಿಸುವ ವಂಶವಾಹಿಗಳನ್ನು ಏಕೆ ಹುಡುಕಬಾರದು? ಇದಕ್ಕೆ ಆರಿಸಿಕೊಂಡದ್ದು ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬೂಷ್ಟು. ಸಕ್ಕರೆ, ಲವಣಗಳು ಮತ್ತು ಬಯೋಟಿನ್ ಎಂಬ ಒಂದೇ ವಿಟಮಿನ್ ಇದ್ದರೆ ಸಾಕು, ಬೇಕಾದ ಅಮೈನೋ ಆಮ್ಲಗಳನ್ನೆಲ್ಲ ಅದು ತಾನೇ ತಯಾರಿಸಿಕೊಳ್ಳುತ್ತದೆ. ಎಕ್ಸ್-ಕಿರಣಕ್ಕೆ ಒಡ್ಡಿದ ಬೂಷ್ಟಿನ ಸಂತತಿಯ ಬೀಜಕಗಳನ್ನು ಒಂದೊಂದಾಗಿ ಸಮೃದ್ಧ ಆಹಾರದಲ್ಲಿ ಬೆಳೆಸಿ, ಅನಂತರ ಈ ಬಡ ಆಹಾರಕ್ಕೆ ಸ್ಥಳಾಂತರಿಸಿದರು. ಸೊರಗಿದ್ದು 299ನೆಯದು. ಬಿ6 ವಿಟಮಿನ್ ಕೊಟ್ಟೊಡನೆ ಅದು ಬೆಳೆಯಿತು. ತಾಳ್ಮೆ ಫಲಿಸಿತ್ತು. 1941ರಲ್ಲಿ ಫಲಿತಾಂಶ ಪ್ರಕಟವಾಯಿತು. 1944ರಲ್ಲಿ ಡೇವಿಡ್ ಬಾನರ್ ಅವರೊಂದಿಗೆ, ಈ ಬೂಷ್ಟು ಇಂಡೋಲ್ ಮತ್ತು ಸೆರಿನ್‌ಗಳನ್ನು ಕೂಡಿಸಿ ಟ್ರಿಪ್ಟೋಫಾನ್ ತಯಾರಿಸುವುದನ್ನು ಟೇಟಮ್ ತೋರಿಸಿದರು. ಒಂದು ವಂಶವಾಹಿ ಒಂದು ಕಿಣ್ವವನ್ನು ನಿರ್ಧರಿಸುತ್ತದೆ ಎಂಬ ತತ್ತ್ವ ಇಂಥ ಪ್ರಯೋಗಗಳಿಂದ ರೂಪುಗೊಂಡಿತು. ಒಂದೇ ಕಿಣ್ವದಲ್ಲಿ ಹಲವು ಪ್ರೋಟೀನು ಸರಪಳಿಗಳು ಇರಬಹುದೆಂದು ತಿಳಿದ ಮೇಲೆ ಅದನ್ನು ತಿದ್ದಬೇಕಾಯಿತು.

ಮಗ ಪೂರ್ಣ ರಸಾಯನ ವಿಜ್ಞಾನಿಯೂ ಅಲ್ಲ, ತಳಿವಿಜ್ಞಾನಿಯೂ ಅಲ್ಲದಂತಾಗಿ ಎಲ್ಲಿಯೂ ನೆಲೆ ಕಾಣದೆ ಹೋಗುವನೇನೋ ಎಂಬ ಚಿಂತೆ ತಂದೆಯವರಿಗಿತ್ತು. ಅದು ಅಕಾರಣವಾಗಿರಲಿಲ್ಲ. ಜೀವವಿಜ್ಞಾನ ವಿಭಾಗದಲ್ಲಿ ರಸಾಯನಜ್ಞನಿಗೆ ಕಾಯಂ ಹುದ್ದೆ ನೀಡಲು ಸ್ಟ್ಯಾನ್‌ಫರ್ಡ್ ಹಿಂಜರಿಯಿತು. 1945ರಲ್ಲಿ ಟೇಟಮ್ ಯೇಲ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮರುವರ್ಷ ಅಲ್ಲಿಗೆ ಬಂದ ತರುಣ ಲೆಡರ್‌ಬರ್ಗ್, ಟೇಟಮ್ ಸಿದ್ಧಪಡಿಸಿದ್ದ ಬ್ಯಾಕ್ಟೀರಿಯಾ ತಳಿಗಳನ್ನು ಬಳಸಿ, ಬ್ಯಾಕ್ಟೀರಿಯಾಗಳಲ್ಲಿಯೂ ವಂಶವಾಹಿಗಳ ಮರುಜೋಡಣೆ ನಡೆಯುವುದೆಂದು ಕಂಡುಹಿಡಿದರು.

ಟೇಟಮ್ 1948ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಮರಳಿ, 1957ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಕೊನೆಯವರೆಗೂ ಅಲ್ಲಿಯೇ ನ್ಯೂರೋಸ್ಪೋರಾದ ಅಧ್ಯಯನ ಮುಂದುವರಿಸಿ, 65ನೆಯ ವಯಸ್ಸಿನಲ್ಲಿ ನಿಧನರಾದರು.